ಮಾರ್ಕರ್ ಆಮೇಲೆ, ಮಾಸ್ಕ್ ಮೊದಲು

ಪೇಂಟ್‌ಬಾಲ್ ಮೈದಾನಕ್ಕೆ ಇಳಿಯುವ ಮುನ್ನ ಆಟಗಾರರೆಲ್ಲ ಒಂದು ಪುಟ್ಟ ಯಂತ್ರದ ಮುಂದೆ ಸಾಲು ನಿಲ್ಲಬೇಕು. ಕ್ರೋನೋಗ್ರಾಫ್ ಎಂದು ಅದರ ಹೆಸರು. ಮಾರ್ಕರಿನಿಂದ, ಅಂದರೆ ಈ ಆಟದ ಬಂದೂಕಿನಿಂದ, ಹಾರಿದ ಬಣ್ಣದ ಗುಂಡು ಎಷ್ಟು ವೇಗದಲ್ಲಿ ಹೋಯಿತು ಎಂಬುದನ್ನು ಅಳೆದು ತೋರಿಸುತ್ತದೆ. ಈ ಆಟದಲ್ಲಿ ಎಲ್ಲರೂ ಒಪ್ಪಿಕೊಂಡು ಬಂದಿರುವ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ. ಬಹಳಷ್ಟು ಮೈದಾನಗಳು 280ಕ್ಕೇ ಗೆರೆ ಎಳೆಯುತ್ತವೆ, ಒಳಾಂಗಣವಾದರೆ ಇನ್ನೂ ಕಡಿಮೆ. ಅಂಕಿ ಮೀರಿದರೆ ಮಾರ್ಕರಿನ ಸ್ಕ್ರೂ ತಿರುಗಿಸಿ ವೇಗ ಇಳಿಸಬೇಕು, ಮತ್ತೆ ಅಳೆಸಬೇಕು, ಆಮೇಲಷ್ಟೇ ಒಳಗೆ ಬಿಡುತ್ತಾರೆ. ಇನ್ನೂರೈವತ್ತು ಡಾಲರ್ ಆಸುಪಾಸಿನ ಮಾರ್ಕರ್ ಹಿಡಿದವನಿಗೂ ಸಾವಿರದೈನೂರು ಡಾಲರ್ ದಾಟಿದ ಮಾರ್ಕರ್ ಹಿಡಿದವನಿಗೂ ಅಲ್ಲಿ ಒಂದೇ ಕಾನೂನು.

ಆಟದ ರುಚಿ ಹತ್ತಿದ ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಯಾವ ಮಾರ್ಕರ್ ತಗೊಳ್ಳಲಿ?’ ಎಂಬುದು. ಅಮೆರಿಕಕ್ಕೆ ಓದಲು ಹೋಗಿ ಕಾಲೇಜಿನ ತಂಡ ಸೇರಿಕೊಂಡ ನಮ್ಮ ಹುಡುಗರೂ ಇದನ್ನೇ ಕೇಳುತ್ತಾರೆ, ಬೆಂಗಳೂರಿನ ಹೊರವಲಯದ ರೆಸಾರ್ಟಿನಲ್ಲಿ ಆಫೀಸಿನವರ ಜೊತೆ ಒಮ್ಮೆ ಆಡಿ ಬಂದವರೂ ಇದನ್ನೇ ಕೇಳುತ್ತಾರೆ. ದುಬಾರಿ ಮಾರ್ಕರ್ ಹೆಚ್ಚು ದೂರ ಹೊಡೆಯುತ್ತದೆ, ಹೆಚ್ಚು ಜೋರಾಗಿ ಹೊಡೆಯುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿರುತ್ತದೆ. ಅದು ನಿಜವಲ್ಲ ಎನ್ನುವುದಕ್ಕೆ ಆ ಕ್ರೋನೋಗ್ರಾಫೇ ಸಾಕ್ಷಿ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪೇಂಟ್‌ಬಾಲ್ ಗುಂಡಿನ ವ್ಯಾಸ 0.68 ಇಂಚು, ಅಂದರೆ 17 ಮಿಲಿಮೀಟರಿಗಿಂತ ಕೊಂಚ ಹೆಚ್ಚು. ತೂಕ ಸುಮಾರು 3 ಗ್ರಾಂ. ಇಷ್ಟು ದಪ್ಪ, ಇಷ್ಟು ಹಗುರ, ಅದರ ಮೇಲೆ ದುಂಡು. ಗಾಳಿ ಅದನ್ನು ಹಿಡಿದು ನಿಲ್ಲಿಸಲು ಇದಕ್ಕಿಂತ ಬೇರೇನು ಬೇಕು? ಸೆಕೆಂಡಿಗೆ 280 ಅಡಿ, ಅಂದರೆ 85 ಮೀಟರ್ ವೇಗದಲ್ಲಿ ಹೊರಟ ಗುಂಡು 30 ಮೀಟರ್ ದೂರ ತಲುಪುವಷ್ಟರಲ್ಲಿ ವೇಗದ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ಅಷ್ಟು ದೂರ ಹೋಗಲು ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ಒಂದು ಮೀಟರಿನಷ್ಟು ಕೆಳಗೂ ಇಳಿದಿರುತ್ತದೆ. ಅರ್ಧ ಸೆಕೆಂಡಿನಲ್ಲಿ ಎಚ್ಚರವಾಗಿರುವ ಆಟಗಾರ ಬಂಕರ್ ಎಂಬ ಅಡ್ಡಮರೆಯ ಹಿಂದಕ್ಕೆ ತಲೆ ಎಳೆದುಕೊಂಡುಬಿಡಬಹುದು. ಹೊರಡುವ ವೇಗ ಒಂದೇ, ಗುಂಡಿನ ತೂಕ ಒಂದೇ, ಗಾಳಿಯೂ ಒಂದೇ. ಮಾರ್ಕರಿನ ಬೆಲೆ ಎಷ್ಟಿದ್ದರೂ ಗುಂಡಿನ ದಾರಿ ಬದಲಾಗುವುದಿಲ್ಲ. ಗುಂಡಿಗೆ ಹಿಮ್ಮುಖ ಸುತ್ತು ಕೊಟ್ಟು ತೇಲಿಸುವ ಬಾಗಿದ ಬ್ಯಾರೆಲ್‌ಗಳಿವೆ, ಬಾಲದಲ್ಲಿ ರೆಕ್ಕೆಯಿರುವ ಫಸ್ಟ್ ಸ್ಟ್ರೈಕ್ ಎಂಬ ಗುಂಡುಗಳೂ ಇವೆ. ಅವುಗಳ ಮಾತು ಬೇರೆ. ಅವು ಕಾಡಿನ ಆಟದ ಒಂದು ವರ್ಗಕ್ಕೆ ಸೇರಿದವು.

ಹಾಗಾದರೆ ಹೆಚ್ಚು ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು? ಇದನ್ನು ತಿಳಿಯಲು ಮಾರ್ಕರನ್ನು ಬಿಚ್ಚಿಯೇ ನೋಡಬೇಕು, ಮೊದಲು ಬಿಚ್ಚಬೇಕಾದ್ದು ಟಿಪ್ಪ್‌ಮನ್ 98. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನ ಟಿಪ್ಪ್‌ಮನ್ ಕುಟುಂಬ ಮೊದಲು ಹಳೆಯ ಮೆಷಿನ್ ಗನ್‌ಗಳ ಅರ್ಧ ಗಾತ್ರದ ಮಾದರಿಗಳನ್ನು ಮಾಡುತ್ತಿತ್ತು. 1986ರಲ್ಲಿ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಹೊಸ ಮೆಷಿನ್ ಗನ್ ಮಾರುವುದನ್ನು ನಿಷೇಧಿಸಿತು. ಅದೇ ಹೊತ್ತಿಗೆ ಕುಟುಂಬ ಪೇಂಟ್‌ಬಾಲ್ ಕಡೆ ಹೊರಳಿತು. 1998ರಲ್ಲಿ ಬಂದ ಈ ಮಾದರಿ ಜಗತ್ತಿನಾದ್ಯಂತ ಬಾಡಿಗೆ ಮಾರ್ಕರ್ ಎಂದರೆ ಇದೇ ಎನ್ನುವಷ್ಟು ಹರಡಿತು.

ಅದರ ಎರಡು ಹೋಳಿನ ಲೋಹದ ಕವಚ ತೆಗೆದರೆ ಒಳಗಿರುವುದು ಬೆರಳೆಣಿಕೆಯ ಭಾಗಗಳು. ಹಿಂದೊಂದು ಬೋಲ್ಟ್, ಮುಂದೊಂದು ಬೋಲ್ಟ್, ಎರಡನ್ನೂ ಸೇರಿಸುವ ಒಂದು ಕಂಬಿ, ಹಿಂದೆ ಒಂದು ಗಟ್ಟಿ ಸ್ಪ್ರಿಂಗ್, ನಡುವೆ ಒಂದು ವಾಲ್ವ್. ಟ್ರಿಗರ್ ಎಳೆದಾಗ ಹಿಂದಿನ ಬೋಲ್ಟನ್ನು ಹಿಡಿದಿದ್ದ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಕಂಬಿಯ ಮೂಲಕ ಮುಂದಿನ ಬೋಲ್ಟ್ ಕೂಡ ಸರಿದು ಗುಂಡನ್ನು ಬ್ಯಾರೆಲ್ ಒಳಗೆ ಕೂರಿಸುತ್ತದೆ. ಹಿಂದಿನ ಬೋಲ್ಟ್ ಹೋಗಿ ವಾಲ್ವಿಗೆ ಬಡಿದ ಕ್ಷಣ ಅನಿಲ ಎರಡು ದಿಕ್ಕಿಗೆ ನುಗ್ಗುತ್ತದೆ. ಒಂದು ಪಾಲು ಗುಂಡನ್ನು ಹೊರಗಟ್ಟುತ್ತದೆ, ಇನ್ನೊಂದು ಪಾಲು ಬೋಲ್ಟನ್ನು ಹಿಂದಕ್ಕೆ ಒದ್ದು ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತದೆ. ಮುಂದಿನ ಹೊಡೆತಕ್ಕೆ ಸಿದ್ಧ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಕೆಸರಿನಲ್ಲಿ ಬಿದ್ದರೂ ಒರೆಸಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ಮತ್ತೆ ಕೆಲಸ ಶುರು. ನನಗೆ ಈ ಯಂತ್ರದ ಮೇಲೆ ತುಂಬ ಗೌರವ.

ಆದರೆ ಅದರ ದೋಷವೂ ಅದೇ ಕೆಲಸದ ರೀತಿಯಲ್ಲಿದೆ. ಭಾರದ ಲೋಹದ ತುಂಡು ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಓಡುವುದರಿಂದ ಕೈ ಅದುರುತ್ತದೆ. ಮುಂದಿನ ಬೋಲ್ಟ್ ಗುಂಡನ್ನು ಹೊಡೆದೇ ಒಳಕ್ಕೆ ತಳ್ಳುತ್ತದೆ. ಗುಂಡು ಅರ್ಧ ಇಳಿದಿದ್ದಾಗ ಬೋಲ್ಟ್ ಬಂದರೆ ಗುಂಡು ಕತ್ತರಿಸಿಹೋಗಿ ಒಳಗೆಲ್ಲ ಬಣ್ಣ ರಾಡಿಯಾಗುತ್ತದೆ. ಇದನ್ನು ಆಟಗಾರರು ಚಾಪ್ ಎನ್ನುತ್ತಾರೆ. ಹಾಗಾಗಿ ಇಂಥ ಮಾರ್ಕರಿಗೆ ದಪ್ಪ ಸಿಪ್ಪೆಯ, ಗಟ್ಟಿ ಗುಂಡು ಬೇಕು. ಮೇಲೆ ಹೇಳಿದ ಲೆಕ್ಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: 30 ಮೀಟರ್ ದೂರದಲ್ಲಿ ವೇಗ ಅರ್ಧಕ್ಕಿಳಿದ ಗಟ್ಟಿ ಗುಂಡು ಎದುರಾಳಿಯ ಅಂಗಿಗೆ ತಾಗಿ ಒಡೆಯದೆ ಪುಟಿದು ಬೀಳುತ್ತದೆ. ಒಡೆಯದ ಗುಂಡಿಗೆ ಲೆಕ್ಕವಿಲ್ಲ, ಎದುರಾಳಿ ಆಡುತ್ತಲೇ ಇರುತ್ತಾನೆ.

ದುಬಾರಿ ಮಾರ್ಕರ್ ದುಡ್ಡಿಗೆ ತಕ್ಕ ಬೆಲೆ ಕೊಡುವುದು ಈ ಜಾಗದಲ್ಲಿ. ಇಂದಿನ ಪಂದ್ಯಗಳಲ್ಲಿ ಕಾಣುವ ಎಲೆಕ್ಟ್ರಾನಿಕ್ ಮಾರ್ಕರುಗಳಲ್ಲಿ ಹೆಚ್ಚಿನವು ಸ್ಪೂಲ್ ವಾಲ್ವ್ ಬಗೆಯವು. ಒಳಗೆ ಓಡಾಡುವುದು ಒಂದೇ ಒಂದು ಹಗುರ ಬೋಲ್ಟ್. ಅದು ಕಡಿಮೆ ಒತ್ತಡದಲ್ಲಿ ಸರಿದು ಗುಂಡನ್ನು ಮೆಲ್ಲಗೆ ತಳ್ಳುತ್ತದೆ. ಗುಂಡು ಕೂರುವ ಜಾಗದ ಎರಡೂ ಬದಿಗೆ ಕಣ್ಣಿಗೆ ಕಾಣದ ಅತಿಗೆಂಪು ಕಿರಣದ ಜೋಡಿ ಇರುತ್ತದೆ. ಗುಂಡು ಪೂರ್ತಿ ಇಳಿದು ಕಿರಣಕ್ಕೆ ಅಡ್ಡ ನಿಲ್ಲುವ ತನಕ ಬೋಲ್ಟ್ ಕದಲುವುದೇ ಇಲ್ಲ. ಪರಿಣಾಮವಾಗಿ ಮುಟ್ಟಿದರೆ ಒಡೆಯುವಂಥ ತೆಳು ಸಿಪ್ಪೆಯ ಗುಂಡನ್ನೂ ಅದು ಸುರಕ್ಷಿತವಾಗಿ ಹೊರಗೆ ಕಳಿಸುತ್ತದೆ. ಆ ಗುಂಡು ದೂರದಲ್ಲಿಯೂ ಒಡೆಯುತ್ತದೆ. ಸ್ಪೂಲ್ ವಾಲ್ವ್ ಗಾಳಿಯನ್ನು ತುಸು ಹೆಚ್ಚು ಕುಡಿಯುತ್ತದೆ. ಇನ್ನೊಂದು ಬಗೆಯ, ಪಾಪೆಟ್ ವಾಲ್ವ್ ಇರುವ ಮಾರ್ಕರುಗಳು ಗಾಳಿ ಉಳಿಸುತ್ತವೆ, ಆದರೆ ಕೈಗೆ ಒದೆತ ಹೆಚ್ಚು. ಹೊಸಬರು ಈ ಚರ್ಚೆಯಲ್ಲಿ ದಿನಗಟ್ಟಲೆ ಕಳೆಯುತ್ತಾರೆ. ನನ್ನ ಮಟ್ಟಿಗೆ ಅದು ಎರಡನೇ ಸುತ್ತಿನ ವಿಷಯ.

ಟಿಪ್ಪ್‌ಮನ್ 98 ಮತ್ತು ಎಲೆಕ್ಟ್ರಾನಿಕ್ ಮಾರ್ಕರುಗಳ ನಡುವೆ ಒಂದು ಒಳ್ಳೆಯ ದಾರಿ ತೋರಿಸಿದ್ದು ಇಂಗ್ಲೆಂಡಿನ ಪ್ಲಾನೆಟ್ ಎಕ್ಲಿಪ್ಸ್ ಕಂಪನಿಯ ಎಮೆಕ್. ಇದೂ ಬ್ಯಾಟರಿ ಇಲ್ಲದ, ಪೂರ್ತಿ ಯಾಂತ್ರಿಕ ಮಾರ್ಕರ್. ಆದರೆ ಒಳಗಿರುವುದು ಅದೇ ಕಂಪನಿಯ ಎಲೆಕ್ಟ್ರಾನಿಕ್ ಮಾರ್ಕರ್ ಈಥಾ 2ರಲ್ಲಿ ಇರುವ ಗಾಮಾ ಕೋರ್ ಎಂಬ ಮೆತ್ತನೆಯ ಸ್ಪೂಲ್ ಬೋಲ್ಟ್. ಶಬ್ದ ಕಡಿಮೆ, ಒದೆತ ಕಡಿಮೆ, ಗುಂಡು ಒಡೆಯುವುದು ಅಪರೂಪ. ಮೊದಲ ಮಾರ್ಕರ್ ಕೊಳ್ಳಲೇಬೇಕು ಎನ್ನುವವರಿಗೆ ಟಿಪ್ಪ್‌ಮನ್ 98 ಮತ್ತು ಎಮೆಕ್ ಎರಡನ್ನು ಮುಂದಿಟ್ಟರೆ, ಕಾಡಿನಲ್ಲಿ ಬಿದ್ದೆದ್ದು ಆಡುವ, ತಾನೇ ಬಿಚ್ಚಿ ಜೋಡಿಸುವ ಹುಮ್ಮಸ್ಸಿನವರಿಗೆ ಟಿಪ್ಪ್‌ಮನ್, ಉಳಿದವರಿಗೆಲ್ಲ ಎಮೆಕ್ ಎನ್ನುತ್ತೇನೆ.

ಮಾರ್ಕರಿಗಿಂತ ಹೆಚ್ಚು ವ್ಯತ್ಯಾಸ ತರುವುದು ಅದಕ್ಕೆ ಹೂಡುವ ಅನಿಲ. ಮೊದಮೊದಲು ಎಲ್ಲವೂ ಇಂಗಾಲದ ಡೈಆಕ್ಸೈಡಿನಿಂದಲೇ ನಡೆಯುತ್ತಿತ್ತು. ಸಿಲಿಂಡರಿನಲ್ಲಿ ಅದು ದ್ರವವಾಗಿರುತ್ತದೆ, ಬೇಕಾದಷ್ಟು ಆವಿಯಾಗಿ ಒತ್ತಡ ಕೊಡುತ್ತದೆ. ಅಗ್ಗ, ಎಲ್ಲೆಡೆ ಸಿಗುತ್ತದೆ. ತೊಂದರೆ ಇರುವುದು ಅದರ ಒತ್ತಡ ಹವಾಮಾನದ ಕೈಯಲ್ಲಿದೆ ಎಂಬುದರಲ್ಲಿ. 21 ಡಿಗ್ರಿಯಲ್ಲಿ ಚದರ ಇಂಚಿಗೆ ಸುಮಾರು 850 ಪೌಂಡ್. ಚಳಿ ಬಿದ್ದರೆ ಇಳಿಯುತ್ತದೆ, ಬಿಸಿಲಾದರೆ ಏರುತ್ತದೆ. ಪಟಪಟನೆ ಹೊಡೆದರೆ ಆವಿಯಾಗುವ ಭರದಲ್ಲಿ ಸಿಲಿಂಡರ್ ತಣ್ಣಗಾಗಿ ವೇಗ ಕುಸಿಯುತ್ತದೆ, ಕೆಲವೊಮ್ಮೆ ದ್ರವವೇ ಮಾರ್ಕರ್ ಒಳಗೆ ನುಗ್ಗಿ ರಬ್ಬರಿನ ಓ-ರಿಂಗುಗಳನ್ನು ಹೆಪ್ಪುಗಟ್ಟಿಸುತ್ತದೆ. ನಮ್ಮ ಕಡೆಗೆ ಇನ್ನೊಂದು ಸಂಗತಿ ಮುಖ್ಯ. 31 ಡಿಗ್ರಿ ದಾಟಿದರೆ ಈ ಅನಿಲ ಎಷ್ಟು ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಬೇಗ ಬೇಗ ಏರುತ್ತದೆ. ಬಳ್ಳಾರಿ, ರಾಯಚೂರು ಹಾಗಿರಲಿ, ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೇ ಆ ಗೆರೆ ದಾಟುತ್ತದೆ. ಬೆಳಿಗ್ಗೆ 280ಕ್ಕೆ ಹೊಂದಿಸಿದ ಮಾರ್ಕರ್ ಮಧ್ಯಾಹ್ನ 300 ಮೀರುವುದು ಹೀಗೆ. ಸಿಲಿಂಡರನ್ನು ಬಿಸಿಲಲ್ಲಿ, ಕಾರಿನ ಡಿಕ್ಕಿಯಲ್ಲಿ ಬಿಡಬಾರದು ಎನ್ನುವುದೂ ಇದಕ್ಕೇ.

ಈಗಿನ ಆಟ ಒತ್ತಿ ತುಂಬಿದ ಗಾಳಿಯದ್ದು. ಟ್ಯಾಂಕಿನೊಳಗೆ 3000 ಅಥವಾ 4500 ಪೌಂಡ್ ಒತ್ತಡವಿದ್ದರೂ ಅದರ ಬಾಯಿಯಲ್ಲಿರುವ ರೆಗ್ಯುಲೇಟರ್ ಅದನ್ನು ಇಳಿಸಿ, ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಒಂದೇ ಸಮನಾದ ಒತ್ತಡ ಕೊಡುತ್ತದೆ. ಗುರಿ ಸುಧಾರಿಸಬೇಕು ಎನ್ನುವವರು ಮಾರ್ಕರ್ ಬದಲಿಸುವ ಮೊದಲು ಇದನ್ನು ಬದಲಿಸಿ ನೋಡಬೇಕು. ವೇಗ ಸಮನಾದರೆ ಗುಂಡು ಬೀಳುವ ಜಾಗವೂ ಸಮನಾಗುತ್ತದೆ.

ಇನ್ನು ಗುಂಡು. ಔಷಧ ಕಂಪನಿಗಳು ಮೀನೆಣ್ಣೆ ತುಂಬುವ ಜೆಲಟಿನ್ ಗುಳಿಗೆಯ ತಂತ್ರದಲ್ಲೇ ಇದೂ ತಯಾರಾಗುತ್ತದೆ. ಮೊದಲ ಪೇಂಟ್‌ಬಾಲ್‌ಗಳನ್ನು ಮಾಡಿಕೊಟ್ಟದ್ದೂ ಅಂಥದೇ ಗುಳಿಗೆ ತಯಾರಕ ಸಂಸ್ಥೆ, ಆರ್.ಪಿ. ಶೆರರ್. ಒಳಗಿರುವುದು ಈಗ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ತಿನ್ನುವ ಬಣ್ಣ. ನೀರಿನಲ್ಲಿ ತೊಳೆದರೆ ಹೋಗುತ್ತದೆ. ಆರಂಭದ ದಿನಗಳಲ್ಲಿ ಎಣ್ಣೆ ಬಣ್ಣವಿತ್ತು, ಬಿಡಿಸಿಕೊಳ್ಳಲು ಟರ್ಪೆಂಟೈನ್ ಬೇಕಾಗುತ್ತಿತ್ತು. ಜೆಲಟಿನ್‌ಗೆ ತೇವ ಕಂಡರಾಗದು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ಗುಂಡೂ ಉಬ್ಬಿ, ಮೆತ್ತಗಾಗಿ, ಬ್ಯಾರೆಲಿಗೆ ಕಚ್ಚಿಕೊಳ್ಳುತ್ತದೆ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಡಬ್ಬಿ ತೆರೆದಿಟ್ಟ ಗುಂಡು ಮರುವಾರಕ್ಕೆ ಆಡಲು ಬಾರದು. ಒಣ ಚಳಿಯಲ್ಲಿ ತದ್ವಿರುದ್ಧ, ಸಿಪ್ಪೆ ಬಿರುಸಾಗಿ ಬ್ಯಾರೆಲಿನಲ್ಲೇ ಒಡೆಯುತ್ತದೆ. ಹಳೆಯ ಗುಂಡು ಒಂದೇ ಮಗ್ಗುಲಲ್ಲಿ ಮಲಗಿ ಚಪ್ಪಟೆಯಾಗಿರುತ್ತದೆ. ಅಂಥದ್ದು ಎಷ್ಟು ಒಳ್ಳೆಯ ಮಾರ್ಕರಿನಿಂದ ಹೊಡೆದರೂ ಓರೆಯಾಗಿಯೇ ಹೋಗುತ್ತದೆ. ಒಂದು ಗುಂಡನ್ನು ಬೆರಳ ನಡುವೆ ಹಿಡಿದು ನಿಧಾನ ಉರುಳಿಸಿ ನೋಡಿ. ಹೊಲಿಗೆಯ ಗೆರೆ ತೆಳುವಾಗಿ ನೇರವಾಗಿರಬೇಕು, ಎಲ್ಲೂ ಗುಳಿ ಇರಬಾರದು. ಆಮೇಲೆ ಅದನ್ನು ಬಿಚ್ಚಿದ ಬ್ಯಾರೆಲಿನ ಹಿಂತುದಿಗೆ ಹಾಕಿ. ತಾನಾಗಿ ಉರುಳಿ ಹೊರಬಂದರೆ ಬ್ಯಾರೆಲ್ ಸಡಿಲ. ಉಸಿರು ಕಟ್ಟಿ ಊದಿದರೂ ಬಾರದಿದ್ದರೆ ಬಿಗಿ. ಒಂದು ಸಣ್ಣ ಊದಿಗೆ ಜಾರಿ ಹೋದರೆ ಸರಿಯಾದ ಜೋಡಿ. ಬ್ಯಾರೆಲ್ ಉದ್ದವಾದಷ್ಟೂ ಗುರಿ ಚೆನ್ನ ಎನ್ನುವ ಮಾತೂ ಚಾಲ್ತಿಯಲ್ಲಿದೆ. 8 ಇಂಚಿನ ಆಚೆಗೆ ಉದ್ದದಿಂದ ಗುರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. 14 ಇಂಚಿನ ಬ್ಯಾರೆಲಿಗೆ ತೂತುಗಳಿಂದ ಶಬ್ದ ತಗ್ಗುತ್ತದೆ, ಗಾಳಿ ತುಂಬಿದ ಬಂಕರನ್ನು ಒತ್ತಿ ಸರಿಸಿ ಹೊಡೆಯಲು ಅನುಕೂಲವಾಗುತ್ತದೆ, ಅಷ್ಟೆ.

ಯಂತ್ರದ ಮಾತು ಇಷ್ಟು ಆಡಿದ ಮೇಲೆ ಈ ಆಟದ ಮೊದಲ ಪಂದ್ಯವನ್ನು ನೆನೆಯಲೇಬೇಕು. 1981ರ ಜೂನ್ 27, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಊರಿನ ಕಾಡು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಪಳಗಿದ ಹೇಯ್ಸ್ ನೋಯಲ್ ಮತ್ತು ಲೇಖಕ ಚಾರ್ಲ್ಸ್ ಗೇನ್ಸ್ ನಡುವೆ ಒಂದು ವಾದ ಬೆಳೆದಿತ್ತು: ಬದುಕಿ ಉಳಿಯುವ ಛಾತಿ ಪೇಟೆಯವನಿಗೆ ಹೆಚ್ಚೋ, ಕಾಡು ಬಲ್ಲವನಿಗೆ ಹೆಚ್ಚೋ? ಗೆಳೆಯ ಬಾಬ್ ಗರ್ನ್ಸಿ ನಿಯಮ ರೂಪಿಸಲು ಕೈಜೋಡಿಸಿದರು. ಅವರ ಕೈಗೆ ಸಿಕ್ಕ ಸಾಧನ ನೆಲ್‌ಸ್ಪಾಟ್ 007. ನೆಲ್ಸನ್ ಪೇಂಟ್ ಕಂಪನಿಗಾಗಿ ಡೈಸಿ ಕಂಪನಿ ತಯಾರಿಸಿದ್ದ ಅದು ಕಡಿಯಬೇಕಾದ ಮರಗಳಿಗೆ, ಹಿಂಡಿನ ದನಗಳಿಗೆ ಗುರುತು ಹಾಕಲು ಬಳಕೆಯಲ್ಲಿತ್ತು. 12 ಗ್ರಾಂನ ಪುಟ್ಟ ಅನಿಲ ಕೊಳವೆ, ಪ್ರತಿ ಹೊಡೆತಕ್ಕೂ ಕೈಯಿಂದ ಬೋಲ್ಟ್ ಎಳೆಯಬೇಕು, ಗುಂಡು ಇಳಿಯಲು ಮಾರ್ಕರನ್ನೇ ಓರೆ ಮಾಡಬೇಕು. ಆಡಿದವರು 12 ಜನ, ಪ್ರತಿಯೊಬ್ಬನೂ ತನಗೆ ತಾನೇ. ಕಾಡಿನಲ್ಲಿ ಅಲ್ಲಲ್ಲಿ ನೆಟ್ಟ ಬಣ್ಣ ಬಣ್ಣದ ಬಾವುಟಗಳನ್ನು ಗುಂಡು ತಾಗಿಸಿಕೊಳ್ಳದೆ ಸಂಗ್ರಹಿಸಿ ಹೊರಬರಬೇಕು. ಗೆದ್ದವನು ರಿಚಿ ವೈಟ್, ಅರಣ್ಯದಲ್ಲಿ ಮರಗಳ ನಡುವೆಯೇ ಕೆಲಸ ಮಾಡುತ್ತಿದ್ದವನು. ಬಾವುಟಗಳೆಲ್ಲ ಕೈಯಲ್ಲಿದ್ದವು, ಅವನು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾಲ್ಕು ದಶಕಗಳಲ್ಲಿ ಆಟ ಗುರುತು ಸಿಗದಷ್ಟು ಬದಲಾಗಿದೆ. ಎನ್‌ಎಕ್ಸ್‌ಎಲ್‌ನಂಥ ಲೀಗುಗಳಲ್ಲಿ ಹುಲ್ಲಿನ ಮೈದಾನದ ಮೇಲೆ ಗಾಳಿ ತುಂಬಿದ ಬಂಕರುಗಳು, ಎದುರು ಬದುರು ಐದೈದು ಜನ, ಸೆಕೆಂಡಿಗೆ ಹತ್ತು ಗುಂಡಿನ ಆಸುಪಾಸು. 200 ಗುಂಡು ಹಿಡಿಯುವ ಹಾಪರ್ ಇಪ್ಪತ್ತು ಸೆಕೆಂಡಿಗೆ ಖಾಲಿ. ಆದರೂ ಅಲ್ಲಿ ಗೆಲ್ಲಿಸುವುದು ಕಾಲು ಮತ್ತು ಬಾಯಿ. ಒಂದು ಬದಿಯಲ್ಲಿ ನೆಲಕ್ಕಂಟಿ ಉದ್ದಕ್ಕೆ ಹಬ್ಬಿರುವ ಬಂಕರಿಗೆ ಸ್ನೇಕ್ ಎನ್ನುತ್ತಾರೆ. ಅದರ ಮರೆಯಲ್ಲಿ ಹೊಟ್ಟೆಯ ಮೇಲೆ ತೆವಳಿ ಮುಂದೆ ಹೋದ ಒಬ್ಬನು ಎದುರಾಳಿಗಳನ್ನು ಪಕ್ಕದಿಂದ ಕಾಣುತ್ತಾನೆ. ಮುಂದೆ ನೋಡುತ್ತ ಕುಳಿತವನಿಗೆ ಪಕ್ಕದಿಂದ ಬಂದ ಗುಂಡಿಗೆ ಉತ್ತರವಿಲ್ಲ. ಹಿಂದಿನ ಸಾಲಿನವನ ಕೆಲಸ ನಿರಂತರ ಕೂಗುವುದು: ಯಾರು ಎಲ್ಲಿದ್ದಾರೆ, ಎಷ್ಟು ಜನ ಉಳಿದಿದ್ದಾರೆ, ಯಾವಾಗ ಓಡಬೇಕು. ಬಾಡಿಗೆ ಮಾರ್ಕರ್ ಹಿಡಿದು ಚೆನ್ನಾಗಿ ಕೂಗಾಡುವ ಐವರ ಎದುರು, ಒಬ್ಬರಿಗೊಬ್ಬರು ಮಾತಾಡದ ಐದು ದುಬಾರಿ ಮಾರ್ಕರುಗಳು ಸೋತದ್ದನ್ನು ಈ ಆಟ ಆಡಿದವರೆಲ್ಲ ನೋಡಿರುತ್ತಾರೆ.

ನಾನು ಹೇಳಬೇಕೆಂದಿರುವ ಮಾತಿಗೆ ಈಗ ಬರುತ್ತೇನೆ. ಕೈಯಲ್ಲಿ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದ್ದು ಮಾಸ್ಕ್.

ಕನಕಪುರ ರಸ್ತೆಯಲ್ಲಿ, ನಂದಿ ಬೆಟ್ಟದ ಕಡೆ, ರಾಮನಗರದ ಸುತ್ತ ರೆಸಾರ್ಟುಗಳಿಗೆ ಆಫೀಸಿನ ಹುಡುಗ ಹುಡುಗಿಯರು ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಮಳೆ ನಿಂತ ಸೆಪ್ಟೆಂಬರಿನ ಮಧ್ಯಾಹ್ನ, ಗಾಳಿಯಲ್ಲಿ ತೇವ, ಮೈಯಲ್ಲಿ ಬೆವರು. ಟೈರುಗಳ ಗುಡ್ಡೆಯ ಹಿಂದೆ ಕೂತ ಒಬ್ಬ ಹುಡುಗ, ಒಳಗೆ ಕನ್ನಡಕ, ಅದರ ಮೇಲೆ ಬಾಡಿಗೆಯ ಒಂಟಿ ಪದರದ ಮಾಸ್ಕ್. ಉಸಿರಿನ ಹಬೆ ಮೊದಲು ಕನ್ನಡಕದ ಮೇಲೆ, ಆಮೇಲೆ ಮಾಸ್ಕಿನ ಲೆನ್ಸಿನ ಮೇಲೆ ಕೂರುತ್ತದೆ. ಎದುರಿನದ್ದೆಲ್ಲ ಬಿಳಿ. ಮಾರ್ಕರನ್ನು ತೊಡೆಯ ಮೇಲಿಟ್ಟು ಎರಡು ಬೆರಳನ್ನು ಗಲ್ಲದ ಕೆಳಗೆ ತೂರಿಸಿ ಮಾಸ್ಕನ್ನು ಮೇಲಕ್ಕೆತ್ತುತ್ತಾನೆ, ಒರೆಸಿಕೊಳ್ಳಲು, ಕ್ಷಣಮಾತ್ರ. ಅಷ್ಟರಲ್ಲಿ ಮಾರ್ಷಲ್ ಸೀಟಿ ಊದುತ್ತ ಓಡಿ ಬಂದು ತನ್ನ ಅಂಗೈಯಿಂದಲೇ ಅವನ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುತ್ತಾನೆ. ಇಡೀ ಮೈದಾನ ನಿಲ್ಲುತ್ತದೆ.

ಮಾರ್ಷಲ್ ಹಾಗೆ ಓಡುವುದಕ್ಕೆ ಕಾರಣವಿದೆ. 3 ಗ್ರಾಂ ಗುಂಡು ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊತ್ತು ತರುವ ಶಕ್ತಿ ಸುಮಾರು 11 ಜೂಲ್. ತೊಡೆಗೆ ಬಿದ್ದರೆ ಕೆಂಪಾಗಿ, ನೀಲಿಗಟ್ಟಿ, ವಾರದಲ್ಲಿ ಮಾಯುತ್ತದೆ. ಕಣ್ಣಿಗೆ ಬಿದ್ದರೆ ಮಾಯುವುದಿಲ್ಲ. ಕಣ್ಣಿನೊಳಗೆ ರಕ್ತ ತುಂಬುವುದು, ಲೆನ್ಸ್ ಸ್ಥಾನ ತಪ್ಪುವುದು, ರೆಟಿನಾ ಕಳಚುವುದು, ಶಾಶ್ವತ ಕುರುಡು: ನೇತ್ರ ವೈದ್ಯರ ದಾಖಲೆಗಳಲ್ಲಿ ಪೇಂಟ್‌ಬಾಲ್ ಗಾಯಗಳು ಹೀಗೆಯೇ ಇವೆ. ಅವುಗಳಲ್ಲಿ ಹೆಚ್ಚಿನವು ಮಾಸ್ಕ್ ಇಲ್ಲದೆಯೋ, ಮಾಸ್ಕ್ ಎತ್ತಿದ ಹೊತ್ತಿನಲ್ಲೋ ಆದವು. ಸರಿಯಾದ ಮಾಸ್ಕ್ ಮುಖದ ಮೇಲಿದ್ದರೆ ಇದು ಸುರಕ್ಷಿತ ಆಟ. ಆ ಮಾಸ್ಕ್ ಮಂಜು ಕಟ್ಟಿದರೆ ಮನುಷ್ಯ ಅದನ್ನು ಎತ್ತಿಯೇ ಎತ್ತುತ್ತಾನೆ. ಎಷ್ಟು ಎಚ್ಚರಿಕೆ ಹೇಳಿದರೂ ಕಣ್ಣು ಕಾಣದ ಗಾಬರಿಯಲ್ಲಿ ಕೈ ತಾನಾಗಿ ಮೇಲೆ ಹೋಗುತ್ತದೆ. ಹಾಗಾಗಿ ಮಂಜು ಕಟ್ಟದ ಮಾಸ್ಕ್ ಶೋಕಿಯ ವಸ್ತುವಲ್ಲ, ಅದೇ ರಕ್ಷಣೆ.

ಥರ್ಮಲ್ ಲೆನ್ಸ್ ಎನ್ನುವುದು ಎರಡು ಪದರದ್ದು, ನಡುವೆ ತೆಳುವಾದ ಗಾಳಿಯ ಪದರ. ಹೊರಗಿನ ತಂಪು ಒಳಪದರಕ್ಕೆ ತಟ್ಟದ ಕಾರಣ ಉಸಿರಿನ ತೇವ ಅಲ್ಲಿ ಹನಿಗಟ್ಟುವುದು ಕಡಿಮೆ. ಡೈ, ವರ್ಚ್ಯೂ, ಜೆಟಿ, ಎಂಪೈರ್ ಎಲ್ಲರೂ ಇಂಥದ್ದು ಮಾಡುತ್ತಾರೆ. ಮುಖದ ಅಳತೆ ಒಬ್ಬೊಬ್ಬರದು ಒಂದೊಂದು ಆದ್ದರಿಂದ ಹಾಕಿ ನೋಡಿಯೇ ಕೊಳ್ಳಬೇಕು, ಕನ್ನಡಕದವರು ಕನ್ನಡಕದ ಸಮೇತ. ಎಎಸ್‌ಟಿಎಂ ಎಫ್ 1776 ಎಂಬ ಮಾನದಂಡದ ಉಲ್ಲೇಖ ಇರಬೇಕು. ಪೇಂಟ್‌ಬಾಲ್‌ನ ಕಣ್ಣಿನ ರಕ್ಷಣೆಗೆಂದೇ ಇರುವ ಮಾನದಂಡ ಅದು. ಬೈಕಿನ ಗಾಗಲ್ಸ್, ವೆಲ್ಡಿಂಗ್ ಕನ್ನಡಕ, ಏರ್‌ಸಾಫ್ಟಿನ ಜಾಲರಿ ಮಾಸ್ಕ್ ಯಾವುದೂ ಇದಕ್ಕೆ ಬದಲಿಯಲ್ಲ. ಜಾಲರಿಯ ತೂತಿನಿಂದ ಒಡೆದ ಸಿಪ್ಪೆಯೂ ಬಣ್ಣವೂ ನೇರ ಕಣ್ಣಿಗೆ ಬರುತ್ತವೆ. ಲೆನ್ಸ್ ಪಾಲಿಕಾರ್ಬೊನೇಟಿನದು; ಆಲ್ಕೋಹಾಲ್ ಬೆರೆತ ದ್ರವದಿಂದ ಒರೆಸಿದರೆ ಕಣ್ಣಿಗೆ ಕಾಣದ ಬಿರುಕು ಮೂಡಿ ಗಟ್ಟಿತನ ಹೋಗುತ್ತದೆ. ಬರಿ ನೀರು, ಮೆತ್ತನೆಯ ಬಟ್ಟೆ ಸಾಕು. ತೀರ ಹತ್ತಿರದಿಂದ ನೇರ ಹೊಡೆತ ತಿಂದ ಲೆನ್ಸನ್ನು, ಕೂದಲೆಳೆಯ ಬಿರುಕು ಕಂಡ ಲೆನ್ಸನ್ನು ಎಸೆದುಬಿಡಬೇಕು.

ಮಾಸ್ಕ್ ಆದ ಮೇಲೆ ಮೊಣಕಾಲಿಗೆ ಪ್ಯಾಡ್, ಹಿಡಿತವಿರುವ ಶೂ, ಬೆರಳ ಗಂಟುಗಳಿಗೆ ಗ್ಲೌಸ್, ಬ್ಯಾರೆಲ್ ಬಾಯಿಗೆ ತೊಡಿಸುವ ಬಟ್ಟೆಯ ಚೀಲ. ಆಟ ಮುಗಿದು ಮಾಸ್ಕ್ ತೆಗೆಯುವ ಜಾಗಕ್ಕೆ ಬರುವ ಮುನ್ನ ಆ ಚೀಲ ಬ್ಯಾರೆಲಿಗೆ ಬಿದ್ದಿರಲೇಬೇಕು. ಒಂದಷ್ಟು ತಿಂಗಳು ಬಾಡಿಗೆ ಮಾರ್ಕರಿನಲ್ಲೇ ಆಡಿ, ತಾನು ಮುಂದಿನ ಸಾಲಿನವನೋ ಹಿಂದಿನವನೋ, ಕಾಡು ಇಷ್ಟವೋ ಬಯಲು ಇಷ್ಟವೋ ತಿಳಿದ ಮೇಲೆ ಮಾರ್ಕರ್ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಗಾಳಿ ತುಂಬಿಸಿ ಕಿವಿಗೆ ಹಿಡಿದು ಸೋರುವ ಸದ್ದು ಕೇಳಿಸುತ್ತದೆಯೇ ನೋಡಿ, ಕ್ರೋನೋಗ್ರಾಫ್ ಮುಂದೆ ಹತ್ತು ಗುಂಡು ಹೊಡೆದು ಅಂಕಿಗಳು ಎಷ್ಟು ಏರುಪೇರಾಗುತ್ತವೆ ನೋಡಿ. ಓ-ರಿಂಗ್ ಬದಲಿಸಲು ಹೆಚ್ಚು ಖರ್ಚಿಲ್ಲ. ಆದರೆ ಜೊತೆಗೆ ಕೊಡುವ ಹಳೆಯ ಟ್ಯಾಂಕನ್ನು ಮಾತ್ರ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಕಾರ್ಬನ್ ಫೈಬರ್ ಟ್ಯಾಂಕುಗಳಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಜಲ ಒತ್ತಡದ ಪರೀಕ್ಷೆ ಆಗಬೇಕು, 15 ವರ್ಷಕ್ಕೆ ಅವುಗಳ ಆಯುಷ್ಯ ಮುಗಿಯುತ್ತದೆ. ತಯಾರಾದ ತಿಂಗಳು, ವರ್ಷ ಟ್ಯಾಂಕಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಅದು ಅಳಿಸಿಹೋಗಿದ್ದರೆ, ನಾರು ಕಿತ್ತು ಗೀರು ಬಿದ್ದಿದ್ದರೆ, ಮಾರ್ಕರನ್ನಷ್ಟೇ ತೆಗೆದುಕೊಂಡು ಟ್ಯಾಂಕನ್ನು ಅಲ್ಲೇ ಬಿಟ್ಟು ಬನ್ನಿ.